ದಾನದ ಹಸುವಿಗೆ ಎಷ್ಟು ಹಲ್ಲು?

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತ ದೊಡ್ಡವರು ಹೇಳಿದ್ದಾರೆ. ಒಪ್ಪಿದೆ. ಆದರೆ ಹಸುವೇ ಎದುರಿಗೆ ಬಂದು ಹಲ್ಲು ಕಿರಿಯುತ್ತಾ ನಿಂತರೆ ಏನು ಮಾಡೋದು? ಅಮೆಜಾನ್ ಕಂಪನಿ ತನ್ನ ದಾನದ ಯೋಜನೆಗೆ ಇಟ್ಟ ಹೆಸರೇ 'ಸ್ಮೈಲ್'. ನಗು ಅಂದ ಮೇಲೆ ಹಲ್ಲು ಕಾಣುತ್ತದೆ. ಕಂಡ ಮೇಲೆ ಎಣಿಸದೆ ಇರಲು ನನ್ನಿಂದ ಆಗಲಿಲ್ಲ.

ಯೋಜನೆ 2013ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ನೀವು ನಿಮಗಿಷ್ಟವಾದ ಒಂದು ಸೇವಾಸಂಸ್ಥೆಯನ್ನು ಆರಿಸಿಕೊಳ್ಳಬೇಕು. ಆಮೇಲೆ ನಿಮ್ಮ ದುಡ್ಡಿನಲ್ಲಿ ನಿಮಗೆ ಬೇಕಾದ ಸಾಮಾನು ಕೊಳ್ಳಬೇಕು. ಕಂಪನಿ ಅದರ ಬೆಲೆಯ ಶೇಕಡಾ 0.5ರಷ್ಟನ್ನು ಆ ಸಂಸ್ಥೆಗೆ ಕೊಡುತ್ತಿತ್ತು. ಐದು ಅಲ್ಲ, ಮುಂದೆ ಒಂದು ಸೊನ್ನೆ, ಒಂದು ಚುಕ್ಕಿ ಇದೆ, ಕನ್ನಡಕ ಹಾಕಿಕೊಂಡು ನೋಡಿ. 20 ಡಾಲರಿನ ಪುಸ್ತಕ ಕೊಂಡರೆ 10 ಸೆಂಟ್ ದಾನ. ಅನಾಥ ಮಕ್ಕಳಿಗೆ ಒಂದು ಡಾಲರ್ ಸೇರಬೇಕಾದರೆ ನೀವು ಅಂಥ ಹತ್ತು ಪುಸ್ತಕ ಕೊಳ್ಳಬೇಕು. ಓದುವುದು ಬಿಡುವುದು ನಿಮಗೆ ಬಿಟ್ಟದ್ದು.

ಅದಾದರೂ ಸುಮ್ನೆ ಸಿಗುತ್ತಿತ್ತಾ? ಇಲ್ಲ. ದಾನ ಆಗಬೇಕಾದರೆ 'ಸ್ಮೈಲ್' ಅಂತ ಶುರುವಾಗುವ ಬೇರೆಯೇ ವಿಳಾಸಕ್ಕೆ ಹೋಗಬೇಕಿತ್ತು. ಒಳಗೆ ಹೋದರೆ ಅದೇ ಅಂಗಡಿ, ಅದೇ ಸಾಮಾನು, ಅದೇ ಬೆಲೆ. ಮರೆತು ಮಾಮೂಲಿ ಬಾಗಿಲಿನಿಂದ ಹೋದಿರೋ, ಹತ್ತು ಸೆಂಟೂ ಇಲ್ಲ. ಮೂರು ವರ್ಷದ ಹಿಂದೆ ಒಂದು ಜೊತೆ ಚಪ್ಪಲಿಯನ್ನು ಸುಮ್ನೆ ನೋಡಿದ್ದೆ ಅನ್ನುವುದು ಇಂಥ ಅಂಗಡಿಗಳಿಗೆ ಇವತ್ತಿಗೂ ನೆನಪಿರುತ್ತದೆ. ಹೋದಲ್ಲೆಲ್ಲ ಆ ಚಪ್ಪಲಿ ನನ್ನ ಹಿಂದೆ ಬರುತ್ತದೆ. ಆದರೆ ಈ ಗಿರಾಕಿ ದಾನ ಮಾಡಲು ಹೆಸರು ಬರೆಸಿದ್ದಾನೆ ಅನ್ನುವುದೊಂದು ಮಾತ್ರ ಬಾಗಿಲು ಬದಲಾದ ಕೂಡಲೇ ಮರೆತು ಹೋಗುತ್ತಿತ್ತು. ಪಾಪ, ಕಂಪ್ಯೂಟರಿಗೂ ವಯಸ್ಸಾಗುತ್ತದೆ.

ಆಮೇಲೆ ಮೊಬೈಲ್ ಆ್ಯಪಿನಲ್ಲೂ ಈ ಸೌಲಭ್ಯ ಬಂತು. ಅಲ್ಲಿ ಇನ್ನೊಂದು ಷರತ್ತು. ನೋಟಿಫಿಕೇಶನ್ ಆನ್ ಮಾಡಿದರೆ ಮಾತ್ರ ಪುಣ್ಯ. ಅಂದರೆ ನಾಯಿಮರಿಗಳ ಆಶ್ರಮಕ್ಕೆ ಹತ್ತು ಸೆಂಟ್ ಹೋಗಬೇಕಾದರೆ, ನಿಮ್ಮ ಜೇಬು ಆಗಾಗ ಟಿಣ್ ಅನ್ನಲು ನೀವು ಒಪ್ಪಿಕೊಂಡಿರಬೇಕು. ಅಷ್ಟೇ ಅಲ್ಲ, ಆಗಾಗ ಅದನ್ನು ನವೀಕರಿಸುತ್ತಲೂ ಇರಬೇಕಿತ್ತು. ಕರುಣೆಗೂ ಅವಧಿ ಮುಗಿಯುತ್ತದೆ ಅಂತ ನನಗೆ ಗೊತ್ತಾಗಿದ್ದು ಆಗಲೇ.

ಈಗ ದಾನಿ ಯಾರು ಅನ್ನುವ ಪ್ರಶ್ನೆ. ದುಡ್ಡು ಕೊಟ್ಟವರು ನೀವು. ಸಂಸ್ಥೆಯನ್ನು ಆರಿಸಿದವರು ನೀವು. ವಿಳಾಸ ನೆನಪಿಟ್ಟುಕೊಂಡವರೂ ನೀವೇ. ಆದರೆ ಕಾಗದದ ಮೇಲೆ ದಾನ ಕೊಟ್ಟಿದ್ದು ಅಮೆಜಾನ್ ಸ್ಮೈಲ್ ಫೌಂಡೇಶನ್. ಹಾಗಾಗಿ ಆ ದಾನ ತೋರಿಸಿ ನೀವು ತೆರಿಗೆ ವಿನಾಯಿತಿ ಕೇಳುವ ಹಾಗಿರಲಿಲ್ಲ. ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ. ಇಲ್ಲಿ ಜಾತ್ರೆಯ ರಸೀದಿಯೂ ಎಲ್ಲಮ್ಮನ ಹೆಸರಿಗೇ.

ನನಗೆ ಹೆಚ್ಚು ನಗು ಬಂದದ್ದು ಬೇರೆ ಕಡೆ. ಇದೇ ಕಂಪನಿಗೆ ಇನ್ನೊಂದು ಯೋಜನೆ ಇದೆ. ಸಾಮಾನಿನ ಲಿಂಕ್ ಹಂಚಿ ಗಿರಾಕಿ ಕರೆತಂದವರಿಗೆ ಕಮಿಷನ್. ಪುಸ್ತಕ ಮಾರಿಸಿಕೊಟ್ಟರೆ ಶೇಕಡಾ 4.5. ಈಗ ಲೆಕ್ಕ ಮಾಡಿ. ಸೇವಾಸಂಸ್ಥೆಗಳೂ ಮಾಡುತ್ತಿದ್ದುದು ಅದೇ ಕೆಲಸ ತಾನೆ? 'ದಯವಿಟ್ಟು ಸ್ಮೈಲ್ ಮೂಲಕ ಕೊಳ್ಳಿ, ನಮಗೂ ಸ್ವಲ್ಪ ಸಿಗುತ್ತದೆ' ಅಂತ ತಮ್ಮ ಬೆಂಬಲಿಗರನ್ನೆಲ್ಲ ಒಂದೇ ಅಂಗಡಿಗೆ ಕಳಿಸುತ್ತಿದ್ದವು. ಸ್ವಂತ ಲಾಭಕ್ಕೆ ಕಳಿಸಿದವರಿಗೆ 4.5, ಕ್ಯಾನ್ಸರ್ ರೋಗಿಗಳಿಗಾಗಿ ಕಳಿಸಿದವರಿಗೆ 0.5. ಪರೋಪಕಾರ ಮಾಡಿದರೆ ಕೂಲಿ ಒಂಬತ್ತನೇ ಒಂದು ಪಾಲು.

2023ರ ಜನವರಿಯಲ್ಲಿ ಕಂಪನಿ ಒಂದು ಪತ್ರ ಬರೆಯಿತು. ಫೆಬ್ರವರಿ 20ಕ್ಕೆ ಅಂಗಡಿ ಮುಚ್ಚುತ್ತೇವೆ. ಅಂದರೆ ನಗುವಿನ ಅಂಗಡಿ, ಮಾರುವ ಅಂಗಡಿ ಅಲ್ಲ. ಕಾರಣ? ಹತ್ತು ಲಕ್ಷಕ್ಕೂ ಜಾಸ್ತಿ ಸಂಸ್ಥೆಗಳಿವೆ, ದುಡ್ಡು ತೀರಾ ತೆಳ್ಳಗೆ ಹರಡಿಹೋಗುತ್ತಿದೆ, ಅಂದುಕೊಂಡ ಪರಿಣಾಮ ಬರುತ್ತಿಲ್ಲ ಅಂತ. ಒಂದು ಸಂಸ್ಥೆಗೆ ವರ್ಷಕ್ಕೆ ಸರಾಸರಿ 230 ಡಾಲರೂ ಸೇರುತ್ತಿರಲಿಲ್ಲ ಅಂತ ಅವರೇ ಹೇಳಿದರು. ನೀರು ಜಾಸ್ತಿಯಾಯಿತು ಅಂತ ಮಜ್ಜಿಗೆ ಕಡೆದವನೇ ಬೇಸರಪಟ್ಟುಕೊಂಡ ಹಾಗೆ. ಸ್ವಾಮಿ, ತೆಳ್ಳಗೆ ಅನಿಸಿದರೆ ಆ ಚುಕ್ಕಿಯನ್ನು ಒಂದು ಮನೆ ಆಚೆ ಸರಿಸಿದ್ದರೆ ಆಗುತ್ತಿರಲಿಲ್ಲವಾ?

ಇರಲಿ, ನ್ಯಾಯವಾಗಿ ಹೇಳಬೇಕು. ಅಷ್ಟೂ ವರ್ಷದ್ದು ಕೂಡಿದರೆ 40 ಕೋಟಿ ಡಾಲರಿಗೂ ಜಾಸ್ತಿ ಹಂಚಿದ್ದಾರೆ. ಅದು ಸಣ್ಣ ಮೊತ್ತವಲ್ಲ. ಸಣ್ಣ ಸಂಸ್ಥೆಗೆ 230 ಡಾಲರೂ ಸಣ್ಣದಲ್ಲ, ಯೋಜನೆ ನಿಂತಾಗ ಬೇಜಾರು ಮಾಡಿಕೊಂಡವರಲ್ಲಿ ಅಂಥವರೇ ಬಹಳ. ಆದರೆ 2022ರಲ್ಲಿ ಕಂಪನಿಯ ವಹಿವಾಟು 51,400 ಕೋಟಿ ಡಾಲರ್. ಸೆಕೆಂಡಿಗೆ ಸುಮಾರು 16,000 ಡಾಲರ್ ಆಯಿತು. ಒಂದು ಸೆಕೆಂಡನ್ನು 70 ಚೂರು ಮಾಡಿ, ಅದರಲ್ಲಿ ಒಂದು ಚೂರು ಎತ್ತಿಕೊಳ್ಳಿ. ಅಷ್ಟು ಹೊತ್ತಿನ ವ್ಯಾಪಾರವೇ ಸುಮಾರು 230 ಡಾಲರ್, ಅಂದರೆ ಒಂದು ಸಂಸ್ಥೆಯ ಒಂದು ವರ್ಷದ ನಗು.

ಗೂಗಲ್ ಇದಕ್ಕಿಂತ ಧಾರಾಳಿ. ಒಪ್ಪಿಗೆ ಸಿಕ್ಕ ಸೇವಾಸಂಸ್ಥೆಗೆ ತಿಂಗಳಿಗೆ 10,000 ಡಾಲರ್ ವರೆಗೆ ಕೊಡುತ್ತದೆ. ಓದಿದ ಕೂಡಲೇ ಕಣ್ಣು ತುಂಬಿ ಬರುತ್ತದೆ, ಅಲ್ವಾ? ಒರೆಸಿಕೊಂಡು ಮುಂದಿನ ಸಾಲು ಓದಿ. ದುಡ್ಡಲ್ಲ, ಜಾಹೀರಾತು. ಗೂಗಲ್ ಹುಡುಕಾಟದಲ್ಲಿ ಗೂಗಲ್ ಜಾಹೀರಾತು ಕೊಳ್ಳಲು ಗೂಗಲ್ ಕೊಡುವ ಕೂಪನ್ನು. ಆ ತಿಂಗಳು ಉಳಿದರೆ ಮುಂದಿನ ತಿಂಗಳಿಗೆ ಬರುವುದಿಲ್ಲ. ದುಡ್ಡು ಕೊಟ್ಟವರ ಜಾಹೀರಾತು ಮೇಲೆ, ಧರ್ಮದ್ದು ಕೆಳಗೆ. ಜೊತೆಗೆ ನೋಡಿದ ನೂರು ಜನರಲ್ಲಿ ಐದು ಜನವಾದರೂ ಕ್ಲಿಕ್ ಮಾಡುತ್ತಿರಬೇಕು. ಸತತ ಎರಡು ತಿಂಗಳು ಮಾಡದಿದ್ದರೆ ಖಾತೆಗೆ ಬೀಗ. ಕುರುಡರ ಶಾಲೆ ನಡೆಸುವವರು ಬೆಳಗ್ಗೆ ಎದ್ದು ಮೊದಲು ನೋಡಬೇಕಾದ್ದು ಮಕ್ಕಳ ಮುಖವಲ್ಲ, ಕ್ಲಿಕ್ಕಿನ ಪರ್ಸೆಂಟೇಜು. ಇದರಿಂದ ನಿಜವಾಗಿ ಉಪಯೋಗವಾದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಊಟಕ್ಕೆ ಕರೆದು, ಕೂರುವ ಮೊದಲು ಪರೀಕ್ಷೆ ಇಟ್ಟ ಹಾಗಾಯಿತು.

ತನ್ನ ಅಂಗಡಿಯ ಮಾಲನ್ನೇ ದಾನ ಕೊಟ್ಟು, ಅದರ ಬೆಲೆಯನ್ನೂ ತಾನೇ ಕಟ್ಟುವ ಈ ವಿದ್ಯೆ ಹೊಸದಲ್ಲ. ಸಾಫ್ಟ್‌ವೇರಿನವರಿಗಂತೂ ಇದು ಕೈಗೆ ಬಂದ ವರ. ಒಂದು ಮೂಟೆ ಅಕ್ಕಿ ಕೊಟ್ಟರೆ ಮನೆಯಲ್ಲಿ ಒಂದು ಮೂಟೆ ಕಡಿಮೆಯಾಗುತ್ತದೆ. ಒಂದು ಲಕ್ಷ ಪ್ರತಿ ಸಾಫ್ಟ್‌ವೇರ್ ಕೊಟ್ಟರೆ ಏನು ಕಡಿಮೆಯಾಗುತ್ತದೆ? ಏನೂ ಇಲ್ಲ. ಈ ವಿದ್ಯೆಯ ಶಿಖರ ನೋಡಬೇಕಾದರೆ 2001ಕ್ಕೆ ಹೋಗಬೇಕು.

ಮೈಕ್ರೋಸಾಫ್ಟ್ ತನ್ನ ಏಕಸ್ವಾಮ್ಯ ಬಳಸಿ ಗಿರಾಕಿಗಳಿಂದ ಜಾಸ್ತಿ ದುಡ್ಡು ಕಿತ್ತಿದೆ ಅಂತ ಅಮೆರಿಕದಲ್ಲಿ ರಾಶಿ ದಾವೆಗಳಿದ್ದವು. ನವೆಂಬರಿನಲ್ಲಿ ರಾಜಿಗೆ ಒಂದು ಪ್ರಸ್ತಾವ ಬಂತು. ಬಡ ಮಕ್ಕಳ 12,000ಕ್ಕೂ ಹೆಚ್ಚು ಶಾಲೆಗಳಿಗೆ ಐದು ವರ್ಷಗಳ ಕಾಲ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಕೊಡುತ್ತೇವೆ, ತರಬೇತಿ ಕೊಡುತ್ತೇವೆ, ನಮ್ಮ ಸಾಫ್ಟ್‌ವೇರ್ ಧರ್ಮಕ್ಕೆ ಕೊಡುತ್ತೇವೆ. ಎಲ್ಲ ಸೇರಿ ನೂರು ಕೋಟಿ ಡಾಲರಿನ ಬಾಬತ್ತು. ಆಹಾ! ಮಾರುಕಟ್ಟೆಯನ್ನೆಲ್ಲ ನುಂಗಿದ ಅಪವಾದಕ್ಕೆ ಶಿಕ್ಷೆ ಏನಪ್ಪಾ ಅಂದರೆ, ಇನ್ನೂ ಪೂರ್ತಿ ನುಂಗದೆ ಉಳಿದ ಶಾಲೆಗಳನ್ನೂ ನುಂಗುವುದು. ಅಧಿಕ ಪ್ರಸಂಗ ಮಾಡಿದ ಅಳಿಯನಿಗೆ ದಂಡವಾಗಿ ಇನ್ನೆರಡು ತಿಂಗಳು ಮಾವನ ಮನೆಯಲ್ಲೇ ಇರು ಅಂದಂತೆ.

ಶಾಲೆಗಳಲ್ಲಿ ಚೆನ್ನಾಗಿ ವ್ಯಾಪಾರ ಮಾಡುತ್ತಿದ್ದ ಆ್ಯಪಲ್ ಹೌಹಾರಿತು. ಮೈಕ್ರೋಸಾಫ್ಟಿನ ವಿಂಡೋಸ್‌ಗೆ ಎದುರಾಳಿಯಾದ ಲಿನಕ್ಸ್ ಸಾಫ್ಟ್‌ವೇರ್ ಮಾರುವ ರೆಡ್ ಹ್ಯಾಟ್ ಕಂಪನಿ ಮಾತ್ರ ತಣ್ಣಗೆ ಒಂದು ಸಲಹೆ ಕೊಟ್ಟಿತು. ಸಾಫ್ಟ್‌ವೇರ್ ಚಿಂತೆ ಬಿಡಿ, ನಮ್ಮದನ್ನು ಎಲ್ಲ ಶಾಲೆಗೂ ಬಿಟ್ಟಿ ಕೊಡುತ್ತೇವೆ. ನೀವು ಅಷ್ಟೂ ದುಡ್ಡನ್ನು ಕಂಪ್ಯೂಟರಿಗೇ ಹಾಕಿ. 2 ಲಕ್ಷ ಕಂಪ್ಯೂಟರ್ ಸಿಗುವಲ್ಲಿ 10 ಲಕ್ಷ ಸಿಗುತ್ತದೆ! ಇಷ್ಟು ಚೆಂದದ ಹೊಡೆತವನ್ನು ನಾನು ಕುಸ್ತಿಯಲ್ಲೂ ನೋಡಿಲ್ಲ. ಯಾಕೋ ಆ ಮಾತು ಅಲ್ಲಿಗೇ ನಿಂತಿತು. 2002ರ ಜನವರಿಯಲ್ಲಿ ಬಾಲ್ಟಿಮೋರಿನ ನ್ಯಾಯಾಧೀಶ ಫ್ರೆಡರಿಕ್ ಮೋಟ್ಜ್ ಪ್ರಸ್ತಾವವನ್ನೇ ತಳ್ಳಿಹಾಕಿದರು. ಹಸುವಿನ ಬಾಯಿ ಬಿಡಿಸಿ ಹಲ್ಲು ಎಣಿಸಿದ ಪುಣ್ಯಾತ್ಮ ಅಂದರೆ ಅವರೇ.

ರಿಪೇರಿ ಮಾಡಿದ ಕಂಪ್ಯೂಟರ್ ಅಂದಾಗ ನೆನಪಾಯಿತು. ಬಿಡುವಿದ್ದಾಗ ನಾನು ಲೆಕ್ಕ ಬರೆದುಕೊಡುತ್ತಿದ್ದ ಒಂದು ಸಣ್ಣ ಸಂಸ್ಥೆಗೆ ದೊಡ್ಡ ಟೆಕ್ ಕಂಪನಿಯೊಂದು ಹತ್ತು ಹಳೆಯ ಲ್ಯಾಪ್‌ಟಾಪ್ ಕೊಟ್ಟಿತು. ಹೆಸರು ಬೇಡ ಬಿಡಿ. ಕೊಡಲು ಹದಿನಾಲ್ಕು ಜನ ಬಂದರು, ಎಲ್ಲರಿಗೂ ಒಂದೇ ಬಣ್ಣದ ಟಿ-ಶರ್ಟು. ಒಂದು ಲ್ಯಾಪ್‌ಟಾಪನ್ನು ನಾಲ್ಕು ಜನ ಹಿಡಿದು ನಮ್ಮ ಮೇಡಂ ಕೈಗೆ ಕೊಟ್ಟರು. 'ಇನ್ನೊಂದು ಸಲ ಕೊಡಿ ಸರ್, ಮುಖದ ಮೇಲೆ ನೆರಳು' ಅಂದ ಫೋಟೋದವನು. ವಾಪಸ್ ಇಸ್ಕೊಂಡು ಮತ್ತೆ ಕೊಟ್ಟರು. ಹೀಗೆ ಮೂರು ಸಲ. ಆ ಲೆಕ್ಕದಲ್ಲಿ ಅವತ್ತು ಕೈ ಬದಲಾದದ್ದು ಹನ್ನೆರಡು.

ಅವರು ಹೋದ ಮೇಲೆ ಡಬ್ಬ ಬಿಚ್ಚಿದೆವು. ಒಂದಕ್ಕೂ ಚಾರ್ಜರ್ ಇರಲಿಲ್ಲ. ಮೇಲ್ ಬರೆದರೆ 'ಬಿಡಿಭಾಗಗಳು ಬೇರೆ ವಿಭಾಗಕ್ಕೆ ಸೇರುತ್ತವೆ' ಅಂತ ಉತ್ತರ ಬಂತು. ಅಂದ ಹಾಗೆ, ಹಸುವಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇರುವುದಿಲ್ಲವಂತೆ. ನಾವೇ ಸುಮ್ಮನಾದೆವು.

ಮೂರು ತಿಂಗಳಾದ ಮೇಲೆ ಒಂದು ಫಾರ್ಮ್ ಬಂತು. ದಾನದ ಪರಿಣಾಮದ ವರದಿಯಂತೆ, ಆನ್‌ಲೈನಿನಲ್ಲೇ ತುಂಬಬೇಕು. ಒಂದು ಪ್ರಶ್ನೆ: ಈ ಲ್ಯಾಪ್‌ಟಾಪ್‌ಗಳು ಎಷ್ಟು ಜೀವಗಳನ್ನು ಮುಟ್ಟಿವೆ? ಮೇಡಂ ಸತ್ಯವಂತೆ. ಸೊನ್ನೆ ಅಂತ ಹೊಡೆದರು. ಖಾನೆ ಕೆಂಪಾಯಿತು. ಸೊನ್ನೆ ನಡೆಯುವುದಿಲ್ಲ, ಕನಿಷ್ಠ ಒಂದು ಇರಬೇಕು.

ಇಬ್ಬರೂ ಕೂತು ಯೋಚಿಸಿದೆವು. ಡಬ್ಬಗಳನ್ನು ಮಹಡಿಗೆ ಹೊತ್ತ ಹುಡುಗ ಒಬ್ಬ. ವಾರಕ್ಕೊಮ್ಮೆ ಅವುಗಳ ಧೂಳು ಹೊಡೆಯುವ ಕೆಲಸದಾಕೆ ಒಬ್ಬರು. ಫೋಟೋಕ್ಕೆ ನಿಂತ ಮೇಡಂ. ಒಂದನ್ನು ಆನ್ ಮಾಡಿ ನೋಡಲು ಹೋಗಿ ಬೆರಳು ಸಿಕ್ಕಿಸಿಕೊಂಡ ನಾನು.

ನಾಲ್ಕು ಅಂತ ಹಾಕಿದೆವು. ಹಸಿರು ಟಿಕ್ ಬಂತು.