ರೋಮಿಗೆ ಹೋಗುವ ಮೊದಲು ಕಸ್ತೂರ್ಬಾ ರಸ್ತೆ

"ಮ್ಯೂಸಿಯಂ ಸಂರಕ್ಷಣೆ ಕಲಿಬೇಕು, ವಿದೇಶದಲ್ಲಿ ಟ್ರೈನಿಂಗ್ ಸಿಗುತ್ತಾ ಅಕ್ಕ?" ಅಂತ ಮೆಸೇಜ್ ಮಾಡುವ ಹುಡುಗ ಹುಡುಗಿಯರು ಇತ್ತೀಚೆಗೆ ಜಾಸ್ತಿ ಆಗಿದ್ದಾರೆ. ಕೆಮಿಸ್ಟ್ರಿ ಓದಿದವರು, ಚಿತ್ರಕಲೆ ಓದಿದವರು, ಇತಿಹಾಸದಲ್ಲಿ ಎಂಎ ಮುಗಿಸಿ ಕೆಲಸ ಹುಡುಕುತ್ತಿರುವವರು. ನನಗೆ ನಿಜಕ್ಕೂ ಖುಷಿ. ನಾನು ಈ ಕೆಲಸಕ್ಕೆ ಬಂದ ಕಾಲದಲ್ಲಿ, ಹಳೇ ಕಾಗದ ಉಳಿಸುವ ಕೆಲಸ ಮಾಡ್ತೀನಿ ಅಂದರೆ ಬೈಂಡಿಂಗ್ ಅಂಗಡಿ ಎಲ್ಲಿಟ್ಟಿದ್ದೀಯಾ ಅಂತ ನೆಂಟರು ಕೇಳುತ್ತಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಲು ಆಗುತ್ತಿಲ್ಲ. ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಅವಕಾಶಗಳು ಇವೆ. ರೋಮ್‌ನಲ್ಲಿ ಇಕ್ರಾಮ್ ಅನ್ನುವ ಸಂಸ್ಥೆ ಇದೆ. ಅದನ್ನು ಕಟ್ಟಬೇಕು ಅಂತ 1956ರಲ್ಲಿ ಯುನೆಸ್ಕೋ ತೀರ್ಮಾನ ಮಾಡಿತು, 1959ರಲ್ಲಿ ರೋಮ್‌ನಲ್ಲಿ ಕೆಲಸ ಶುರುವಾಯಿತು. ಬೇರೆ ಬೇರೆ ದೇಶದ ಸಂರಕ್ಷಕರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಕಲಿಸುವುದು ಅದರ ದೊಡ್ಡ ಕೆಲಸ. ಭಾರತವೂ ಅದರ ಸದಸ್ಯ. ಜಪಾನಿನ ಜೊತೆ ಸೇರಿ 1992ರಲ್ಲಿ ಅವರು ಜಪಾನಿ ಕಾಗದದ ಸಂರಕ್ಷಣೆಯ ಕೋರ್ಸ್ ಶುರು ಮಾಡಿದರು. ನನ್ನಂಥ ಕಾಗದದವರಿಗೆಲ್ಲ ಅದರ ಮೇಲೆ ಕಣ್ಣು. ಬ್ರಿಟಿಷ್ ಮ್ಯೂಸಿಯಂ 2006ರಲ್ಲಿ ಹೊರದೇಶದ ಮ್ಯೂಸಿಯಂ ಸಿಬ್ಬಂದಿಗಾಗಿ ತರಬೇತಿ ಆರಂಭಿಸಿತು. ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟಿನ ನೆರವಿನಿಂದ ಇಂಗ್ಲೆಂಡಿಗೆ ಹೋಗಿ ಕಲಿತು ಬಂದವರು ನಮ್ಮ ದೇಶದಲ್ಲಿ ಅನೇಕರಿದ್ದಾರೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಮತ್ತು ಯುರೋಪಿನ ಲ್ಯಾಬ್‌ಗಳಲ್ಲಿ ಕೆಲವು ತಿಂಗಳು ಕೆಲಸ ಕಲಿತು ಬರುವ ಫೆಲೋಶಿಪ್ಪನ್ನೂ ನಮ್ಮ ಸಂಸ್ಕೃತಿ ಸಚಿವಾಲಯ ಅವರ ಜೊತೆ ಸೇರಿ ನಡೆಸಿತ್ತು.

ದೇಶದ ಒಳಗೂ ಕಡಿಮೆ ಇಲ್ಲ. ಲಖನೌದಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯ 1976ರಲ್ಲಿ ಶುರುವಾಯಿತು. ಅದರ ಪ್ರಾದೇಶಿಕ ಲ್ಯಾಬ್ ನಮ್ಮ ಮೈಸೂರಿನಲ್ಲೇ ಇದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರ ಹಳೆಯ ದಾಖಲೆಗಳ ದುರಸ್ತಿಗೆ ಚಿಕ್ಕ ಕೋರ್ಸ್ ನಡೆಸುತ್ತದೆ. ಪರಂಪರೆ ಉಳಿಸುವ ಸರ್ಕಾರೇತರ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಬೆಂಗಳೂರಲ್ಲಿ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿದೆ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆಗೆ ಅಂತ ವರ್ಷ ವರ್ಷ ಹೋಗುವವರಿಗೂ ಅಲ್ಲಿ ಇಂಥದ್ದೊಂದು ಕೇಂದ್ರ ಇದೆ ಅಂತ ಗೊತ್ತಿರುವುದಿಲ್ಲ.

ಅಂದರೆ ಹೋಗಲು ದಾರಿ ಇದೆ. ಹೋಗಿ ಬಂದ ಮೇಲೆ ಕೂತು ಕೆಲಸ ಮಾಡಲು ಜಾಗ ಇಲ್ಲ. ನನ್ನ ಸಂಕಟ ಇದು.

ನನಗೆ ಗೊತ್ತಿರುವ ಒಬ್ಬರು ಸರ್ಕಾರಿ ಕೆಲಸದಲ್ಲಿದ್ದರು. ಸಂಸ್ಥೆಯ ಹೆಸರು ಬೇಡ. ಕಷ್ಟಪಟ್ಟು ಎನ್‌ಒಸಿ ತೆಗೆದುಕೊಂಡು, ಸ್ವಂತ ದುಡ್ಡು ಸೇರಿಸಿ, ಮನೆಯಲ್ಲಿ ಮಗುವನ್ನು ಬಿಟ್ಟು ಹೊರದೇಶಕ್ಕೆ ಹೋಗಿ ಬಟ್ಟೆಗಳ ಸಂರಕ್ಷಣೆ ಕಲಿತು ಬಂದರು. ಬಂದ ಸ್ವಲ್ಪ ದಿನಕ್ಕೇ ವರ್ಗ. ಈಗ ಬಿಲ್ ಪಾಸ್ ಮಾಡುವ ವಿಭಾಗದಲ್ಲಿದ್ದಾರೆ. ಅವರು ಕಲಿತದ್ದು ಅವರ ಕೈಯಲ್ಲೇ ಉಳಿದುಹೋಯಿತು. ಇನ್ನೊಂದು ಕಡೆ ಲ್ಯಾಬಿಗೆ ಒಳ್ಳೆ ಫ್ಯೂಮ್ ಹುಡ್ ತರಿಸಿದ್ದಾರೆ, ಕೆಟ್ಟ ಗಾಳಿ ಹೊರಗೆ ಹೋಗುವ ಪೈಪೇ ಹಾಕಿಸಿಲ್ಲ. ಅದರ ಒಳಗೆ ಈಗ ಹಳೇ ಫೈಲು ಪೇರಿಸಿದ್ದಾರೆ. ತರಬೇತಿಗೆ ಕಳಿಸಿದ್ದೇವೆ, ಯಂತ್ರ ತರಿಸಿದ್ದೇವೆ ಅಂತ ವರದಿಯಲ್ಲಿ ಬರೆದರೆ ಮುಗಿಯಿತಾ? ಕಲಿತವರ ಮೇಜಿನ ಮೇಲೆ ಮಾರನೇ ದಿನ ಯಾವ ವಸ್ತು ಬರುತ್ತದೆ ಅಂತ ಯಾರಾದರೂ ಯೋಚಿಸಬೇಕಲ್ವಾ?

ಕಲಿಕೆ ಒಂದೇ ಕಡೆಗೆ ಹರಿಯುತ್ತದೆ ಅನ್ನುವುದು ಇನ್ನೊಂದು ತಪ್ಪು ನಂಬಿಕೆ. ಅವರಿಗೆ ಎಲ್ಲ ಗೊತ್ತು, ನಾವು ಹೋಗಿ ಕಲಿಯಬೇಕು, ಅಷ್ಟೇ ಅಂತ. ನಮ್ಮ ವೃತ್ತಿಯ ಇತಿಹಾಸ ಹಾಗೆ ಹೇಳುವುದಿಲ್ಲ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ಊರಿಗೆ ಆರ್ನೊ ನದಿ ನುಗ್ಗಿತು. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಪುಸ್ತಕಗಳು ಕೆಸರಲ್ಲಿ ಮುಳುಗಿದವು. ಬೇರೆ ಬೇರೆ ದೇಶದಿಂದ ಸಂರಕ್ಷಕರು, ವಿದ್ಯಾರ್ಥಿಗಳು ಓಡಿ ಬಂದರು. ಇಂಗ್ಲೆಂಡಿನಿಂದ ಪೀಟರ್ ವಾಟರ್ಸ್ ಮುಂತಾದ ಬೈಂಡರ್‌ಗಳು ಹೋದರು. ಅಲ್ಲಿ ಅವರು ಒಂದು ವಿಷಯ ಗಮನಿಸಿದರು. ಮೆತ್ತನೆಯ ಚರ್ಮದ ಹೊದಿಕೆ ಹಾಕಿ, ಅಂಟನ್ನು ನಂಬದೆ ದಾರದಲ್ಲೇ ಹೊಲಿದು ಕಟ್ಟಿದ ಹಳೆಯ ಪುಸ್ತಕಗಳು ಬೇರೆಯವಕ್ಕಿಂತ ಚೆನ್ನಾಗಿ ಉಳಿದಿದ್ದವು. ಹೆಸರು ಗೊತ್ತಿಲ್ಲದ ಹಳೇ ಕುಶಲಕರ್ಮಿಗಳ ಕೆಲಸದಿಂದ ಕಲಿತು, ಮುಂದೆ ಅದೇ ರೀತಿ ಕಟ್ಟುವುದನ್ನು ಸಂರಕ್ಷಣೆಯಲ್ಲಿ ಬಳಸತೊಡಗಿದರು. ಸಹಾಯ ಮಾಡಲು ಹೋದವರೇ ಕಲಿತು ಬಂದರು.

ನಮ್ಮಿಂದ ಹೊರಗೆ ಹೋದದ್ದೂ ಇದೆ. ಹಾಳೆಗಳು ಪುಡಿಯಾಗದಂತೆ ಎರಡೂ ಕಡೆ ಸೆಲ್ಯುಲೋಸ್ ಅಸಿಟೇಟ್ ಅನ್ನುವ ತೆಳುವಾದ ಪ್ಲಾಸ್ಟಿಕ್ ಹಾಳೆ ಇಟ್ಟು, ಅದನ್ನು ಕರಗಿಸುವ ಅಸಿಟೋನ್ ದ್ರವ ಸವರಿ, ಯಂತ್ರವಿಲ್ಲದೆ ಕೈಯಲ್ಲೇ ಅಂಟಿಸುವ ಪದ್ಧತಿಯನ್ನು ರೂಪಿಸಿದ್ದು ದೆಹಲಿಯ ರಾಷ್ಟ್ರೀಯ ಪತ್ರಾಗಾರ. ದುಬಾರಿ ಯಂತ್ರ ಕೊಳ್ಳಲಾಗದ ಎಷ್ಟೋ ಕಡೆ ಅದು ಬಳಕೆಗೆ ಬಂತು. ಮುಂದೆ ಆ ಹೊದಿಕೆಯೇ ಹಳತಾಗಿ ಕೆಡುತ್ತದೆ, ತೆಗೆಯುವುದೂ ಕಷ್ಟ ಅಂತ ತಿಳಿದ ಮೇಲೆ ಅದನ್ನು ಬಿಟ್ಟು, ತೆಳು ಜಪಾನಿ ಕಾಗದ ಮತ್ತು ಗೋಧಿ ಗಂಜಿಯ ಅಂಟಿನ ಕಡೆ ಎಲ್ಲರೂ ವಾಲಿದರು. ಇದನ್ನು ಸೋಲು ಅಂತ ನಾನು ನೋಡುವುದಿಲ್ಲ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ, ತಿದ್ದಿ ಮುಂದಕ್ಕೆ ಹೋಗಲು ಆಗುವುದು ಹೀಗೆ ಓಡಾಟ ಇದ್ದಾಗ ಮಾತ್ರ. (ಅಂದ ಹಾಗೆ, ಮನೆಯಲ್ಲಿರುವ ಅಜ್ಜನ ಪತ್ರ, ಜಮೀನಿನ ಹಳೇ ಕಾಗದ, ಮದುವೆ ಫೋಟೋಗಳನ್ನು ದಯವಿಟ್ಟು ಅಂಗಡಿಗೆ ಕೊಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಅದರ ಅಂಟು ಕಾಗದದೊಳಗೆ ಇಳಿದು ಹಳದಿಯಾಗಿ ನಿಂತುಬಿಡುತ್ತದೆ.)

ಒಂದು ಕಾರ್ಯಾಗಾರದ ಬಗ್ಗೆ ಹೇಳಲೇಬೇಕು. ಯುರೋಪಿನಿಂದ ಬಂದಿದ್ದ ಒಬ್ಬ ಸಂರಕ್ಷಕಿ, ಚರ್ಮದ ಹಾಳೆಯ ಮೇಲೆ ಬರೆದ ಹಳೇ ಹಸ್ತಪ್ರತಿಗಳ ಕೆಲಸದಲ್ಲಿ ಪಳಗಿದವರು. ನಮ್ಮ ಮುಂದೆ ಇದ್ದದ್ದು ಒಂದು ತೊಗಲುಗೊಂಬೆ. ಅಂಚೆಲ್ಲ ಸುರುಳಿಯಾಗಿ, ಒಂದು ಕೈ ಮುದುಡಿ ಎದೆಗೆ ಅಂಟಿಕೊಂಡಿತ್ತು. ಗೊಂಬೆ ಆಡಿಸುವ ಮನೆತನದ ಹಿರಿಯರೊಬ್ಬರನ್ನೂ ಕರೆಸಿದ್ದೆವು. ಆ ಸಂರಕ್ಷಕಿ ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿದರು. ಹದ ಮಾಡದ ಮೇಕೆ ಚರ್ಮ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಿದ್ದು. ತಮ್ಮ ಹಸ್ತಪ್ರತಿಯ ಹಾಳೆಗಳನ್ನು ಮಾಡುವುದೂ ಹೆಚ್ಚುಕಡಿಮೆ ಹೀಗೇ ಅಂತ ಅವರಿಗೆ ತಕ್ಷಣ ಹೊಳೆಯಿತು. ನೇರವಾಗಿ ನೀರು ತಾಗಿಸುವಂತಿಲ್ಲ, ಬಿಸಿ ತಾಗಿಸಿದರೆ ಚರ್ಮ ಕುಗ್ಗಿ ಕೆಡುತ್ತದೆ. ಗೋರ್‌ಟೆಕ್ಸ್ ಅಂತ ಒಂದು ಹಾಳೆ ಇದೆ. ಅದರಲ್ಲಿ ನೀರಿನ ಹನಿ ದಾಟುವುದಿಲ್ಲ, ಆವಿ ಮಾತ್ರ ದಾಟುತ್ತದೆ. ಕೆಳಗೆ ಗೊಂಬೆ, ಅದರ ಮೇಲೆ ಗೋರ್‌ಟೆಕ್ಸ್, ಅದರ ಮೇಲೆ ಒದ್ದೆ ಒತ್ತುಕಾಗದ. ಚರ್ಮ ನಿಧಾನಕ್ಕೆ ಮೆತ್ತಗಾಯಿತು. ಆಮೇಲೆ ಅಂಚಿಗೆಲ್ಲ ಸಣ್ಣ ಸಣ್ಣ ತೂಕ ಇಟ್ಟು, ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಒಣಗಿಸಿದರು.

ಅಷ್ಟರಲ್ಲಿ ಆಕೆ ಗೊಂಬೆಯ ಮೈಮೇಲಿನ ಕಪ್ಪು ಒರೆಸಲು ಹತ್ತಿಯ ಕಡ್ಡಿ ಕೈಗೆತ್ತಿಕೊಂಡರು. ಹಿರಿಯರು ತಡೆದರು. "ಮೇಡಮ್ನೋರೆ, ಅವರಿಗೆ ಹೇಳಿ, ಅದು ಕೊಳೆ ಅಲ್ಲ. ದೀಪದ ಮಸಿ. ನಮ್ಮಪ್ಪನ ಕಾಲದಲ್ಲಿ ಎಣ್ಣೆ ದೀಪ ಇಟ್ಟು ಆಡಿಸ್ತಿದ್ದದ್ದು. ಅದನ್ನ ತೆಗೆದರೆ ಇದು ಆಡಿದ ಗೊಂಬೆ ಅಂತ ಯಾರಿಗೆ ಗೊತ್ತಾಗುತ್ತೆ?" ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಕಡ್ಡಿ ಕೆಳಗಿಟ್ಟು, ನೋಟ್‌ಬುಕ್ ತೆಗೆದು ಬರೆದುಕೊಂಡರು. ತೋಳು ಮತ್ತು ಭುಜ ಸೇರುವ ದಾರದ ಗಂಟು ಎಷ್ಟು ಸಡಿಲ ಇರಬೇಕು ಅಂತಲೂ ಹಿರಿಯರೇ ತೋರಿಸಿದರು. ಗೊಂಬೆ ಚಪ್ಪಟೆಯಾದರೆ ಸಾಲದು, ಕೈ ಆಡಬೇಕು. ತರಬೇತಿ ವಿನಿಮಯ ಅಂದರೆ ನನ್ನ ಮಟ್ಟಿಗೆ ಇದು. ಆ ಮೇಜಿನಲ್ಲಿ ಕಲಿಸದವರೂ ಇರಲಿಲ್ಲ, ಕಲಿಯದವರೂ ಇರಲಿಲ್ಲ.

ಓಲೆಗರಿಯ ವಿಷಯದಲ್ಲೂ ಅಷ್ಟೇ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಷ್ಟು ಹಳೆಯದು. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲಿಂದಲೇ. ಒಣಗಿ ಸೆಟೆದ ಗರಿಗೆ ನಿಂಬೆ ಹುಲ್ಲಿನ ಎಣ್ಣೆ ಸವರುವುದು, ಕಂಟದಿಂದ (ಗರಿಯ ಮೇಲೆ ಬರೆಯುವ ಚೂಪು ಕಡ್ಡಿ) ಕೊರೆದ ಅಕ್ಷರಕ್ಕೆ ಮತ್ತೆ ಮಸಿ ತುಂಬುವುದು, ಇವೆಲ್ಲ ನಮ್ಮವರ ಕೈಯಲ್ಲಿರುವ ವಿದ್ಯೆ. ಮೈಸೂರು ಶೈಲಿಯ ಚಿತ್ರಗಳ ಗೆಸ್ಸೋ ಕೆಲಸವೂ, ಅಂದರೆ ಚಿನ್ನದ ರೇಕಿನ ಕೆಳಗೆ ಹಾಕುವ ಉಬ್ಬು ಲೇಪವೂ ಹಾಗೇ. ಆ ಲೇಪಕ್ಕೆ ಬಳಸುವ ಮಕ್ಕಿ ಸಫೇದಾ, ರೇವಲಚಿನ್ನಿ ಅಂದರೆ ಏನು ಅಂತ ಗೊತ್ತಿಲ್ಲದೆ ಆ ಚಿನ್ನದ ರೇಕಿನ ಕೆಳಗೆ ಕೈ ಹಾಕಿದರೆ ಚಿತ್ರ ಹಾಳು. ಕಲಿಯಬೇಕು ಅಂತ ಹೊರಗಿನವರೇ ಇಲ್ಲಿಗೆ ಬರಬೇಕು. ಅವರು ಬಂದಾಗ ಕೂರಿಸಿ ಕಲಿಸಲು ನಮ್ಮಲ್ಲಿ ಒಂದು ಕೋಣೆ, ಒಂದು ಪಾಠಕ್ರಮ ಇರಬೇಕು.

ಈಗ ಬೆಂಗಳೂರಿಗೆ ಬರುತ್ತೇನೆ. ಕಸ್ತೂರ್ಬಾ ರಸ್ತೆಯಲ್ಲಿ ಸುಮ್ನೆ ಒಂದು ಸಲ ನಡೆದು ನೋಡಿ. ಸರ್ಕಾರಿ ವಸ್ತುಸಂಗ್ರಹಾಲಯ, 1865ರಲ್ಲಿ ಶುರುವಾದದ್ದು. ಕೆಂಪು ಕಟ್ಟಡ 1877ರದ್ದು. ಅದರ ಆವರಣದಲ್ಲೇ ವೆಂಕಟಪ್ಪ ಚಿತ್ರಶಾಲೆ. ಪಕ್ಕದಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ. ಅದೇ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಅನ್ನುವ ಖಾಸಗಿ ಕಲಾ ಮ್ಯೂಸಿಯಂ, ಅದಕ್ಕೊಂದು ಹೊಸ ಸಂರಕ್ಷಣಾ ಲ್ಯಾಬ್. ಆಟೋ ಹಿಡಿದರೆ ಅರಮನೆ ರಸ್ತೆಯಲ್ಲಿ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಎನ್‌ಜಿಎಂಎ, ನೃಪತುಂಗ ರಸ್ತೆಯಲ್ಲಿ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿ. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಇಷ್ಟು ಹತ್ತಿರ ಇಷ್ಟೊಂದು ಬಗೆಯ ಸಂಗ್ರಹ ಇರುವ ಊರು ನಮ್ಮದು. ಈ ಸಂಸ್ಥೆಗಳ ಕೆಳಹಂತದ ಸಿಬ್ಬಂದಿ ಒಬ್ಬರನ್ನೊಬ್ಬರು ನೋಡಿ ಕಲಿಯಲು ಒಂದು ಖಾಯಂ ವ್ಯವಸ್ಥೆ ಬೇಕು. ಒಂದು ಕಡೆಯವರು ಹದಿನೈದು ದಿನ ಇನ್ನೊಂದು ಕಡೆ ಹೋಗಿ ಕೆಲಸ ಮಾಡಲಿ. ವೀಸಾ ಬೇಡ, ವಿಮಾನ ಬೇಡ, ಬಿಎಂಟಿಸಿ ಪಾಸ್ ಸಾಕು.

ಏನು ಕಲಿಯುತ್ತಾರೆ ಅಂತ ಕೇಳಬಹುದು. ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ವೀರಗಲ್ಲಿದೆ. 949ರದ್ದು. ಕಾಳಿ ಅನ್ನುವ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು. ಅಂಥ ಭಾರದ ಕಲ್ಲನ್ನು ಮೂಲೆ ಒಡೆಯದಂತೆ ಹಗ್ಗ, ಮರದ ದಿಮ್ಮಿ ಇಟ್ಟು ಜಾಗ ಬದಲಿಸಲು ಬರುವ ಜನ ಹಳೇ ಮ್ಯೂಸಿಯಂಗಳಲ್ಲಿ ಸಿಗುತ್ತಾರೆ. ಹೊಸ ಲ್ಯಾಬಿನ ಹುಡುಗರಿಗೆ ಅದನ್ನು ಯಾವ ಕಾಲೇಜೂ ಕಲಿಸಿರುವುದಿಲ್ಲ. ಹಾಗೇ ಬೆಳಕಿನ ಲೆಕ್ಕ ಹೊಸಬರಿಂದ ಕಲಿಯಬಹುದು. ಕೆ. ವೆಂಕಟಪ್ಪನವರು ಊಟಿ, ಕೊಡೈಕನಾಲ್‌ಗಳಲ್ಲಿ ಬರೆದ ಜಲವರ್ಣಗಳನ್ನು ನೋಡಿದ್ದೀರಾ? ಆ ಮಂಜು, ಆ ತಿಳಿ ನೀಲಿ. ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಜಲವರ್ಣಕ್ಕೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಬಾರದು ಅನ್ನುವುದು ಮ್ಯೂಸಿಯಂಗಳ ಸಾಮಾನ್ಯ ನಿಯಮ. ಒಮ್ಮೆ ಮಾಸಿದ ಬಣ್ಣವನ್ನು ಜಗತ್ತಿನ ಯಾವ ಲ್ಯಾಬೂ ವಾಪಸ್ ತರಲಾರದು. ಕಿಟಕಿಯ ಪರದೆ ಯಾವ ಹೊತ್ತಿಗೆ ಎಳೆಯಬೇಕು ಅಂತ ಗ್ಯಾಲರಿ ಕಾಯುವವರಿಗೆ ಒಂದು ಮಧ್ಯಾಹ್ನದಲ್ಲಿ ಹೇಳಿಕೊಡಬಹುದು.

ಗ್ಯಾಲರಿ ಕಾಯುವವರು ಅಂದೆನಲ್ಲ, ನನ್ನ ಪ್ರಕಾರ ಮೊದಲ ತರಬೇತಿ ಅವರಿಗೇ ಸಿಗಬೇಕು. ಗೋಡೆ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆ, ಮರದ ಚೌಕಟ್ಟಿನ ಕೆಳಗೆ ಬಿದ್ದ ಸಣ್ಣ ಪುಡಿ, ಬೀರು ತೆಗೆದಾಗ ಬರುವ ಬೂಷ್ಟಿನ ವಾಸನೆ, ಇವನ್ನೆಲ್ಲ ಮೊದಲು ಕಾಣುವುದು ಬೆಳಿಗ್ಗೆ ಕಸ ಗುಡಿಸುವವರು. ಫೆಬ್ರವರಿ ಮಾರ್ಚಿನಲ್ಲಿ ಬೆಂಗಳೂರಿನ ಗಾಳಿ ಒಣಗಿ ಬಿರುಕು ಬಿಡಿಸುತ್ತದೆ, ಮಳೆಗಾಲದಲ್ಲಿ ಅದೇ ಕೋಣೆಯಲ್ಲಿ ಬೂಷ್ಟು. ಈ ಏರಿಳಿತ ಅವರಿಗೆ ಮೈಯಲ್ಲೇ ಗೊತ್ತಿರುತ್ತದೆ. ಆದರೆ ತರಬೇತಿ ಪುಸ್ತಕ ಹೆಚ್ಚಿನವು ಇಂಗ್ಲಿಷಿನಲ್ಲಿ, ಪಾಠ ಇಂಗ್ಲಿಷಿನಲ್ಲಿ. ಗುತ್ತಿಗೆ ಕೆಲಸದವರಾದರೆ ಯಾರೂ ಕರೆಯುವುದೂ ಇಲ್ಲ. ಇಕ್ರಾಮ್‌ನವರು ಯುನೆಸ್ಕೋ ಜೊತೆ ಸೇರಿ ರಿಆರ್ಗ್ ಅನ್ನುವ ಪದ್ಧತಿ ಮಾಡಿದ್ದಾರೆ. ದುಡ್ಡಿಲ್ಲದ ಸಣ್ಣ ಮ್ಯೂಸಿಯಂ ತನ್ನ ಸ್ಟೋರ್ ರೂಮನ್ನು ತನ್ನ ಜನರಿಂದಲೇ ಹಂತ ಹಂತವಾಗಿ ಸರಿಪಡಿಸಿಕೊಳ್ಳುವ ದಾರಿ ಅದು. ಅದನ್ನು ಕನ್ನಡದಲ್ಲಿ, ಚಿತ್ರ ಹಾಕಿ, ಜಿಲ್ಲಾ ಮ್ಯೂಸಿಯಂಗಳಿಗೆಲ್ಲ ತಲುಪಿಸಿದರೆ ಎಷ್ಟು ಉಪಕಾರ ಆಗುತ್ತದೆ!

ಸಂಬಳದ ಮಾತನ್ನೂ ಬಿಡುವುದಿಲ್ಲ. ಅನುಭವ ಸಿಗುತ್ತಲ್ಲ ಅಂತ ಬಿಟ್ಟಿ ಇಂಟರ್ನ್‌ಶಿಪ್ ಮಾಡಿಸುವುದು ತಪ್ಪು. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿಕೊಂಡು ಬಿಟ್ಟಿ ಕೆಲಸ ಮಾಡಲು ಅಪ್ಪ ಅಮ್ಮನ ದುಡ್ಡಿರುವ ಮಕ್ಕಳಿಗೆ ಮಾತ್ರ ಆಗುತ್ತದೆ. ಕೊಪ್ಪಳದಿಂದ, ಚಾಮರಾಜನಗರದಿಂದ ಬರುವ ಹುಡುಗಿ ಊರಿಗೆ ವಾಪಸ್ ಹೋಗುತ್ತಾಳೆ.

ಇನ್ನು ಅರ್ಜಿ ಹಾಕುವವರಿಗೆ. ನೀವು ಮಾಡಿದ ಪ್ರತಿ ಕೆಲಸಕ್ಕೂ ಮೊದಲು, ನಡುವೆ, ಆಮೇಲೆ ಫೋಟೋ ತೆಗೆದಿಡಿ. ಯಾವ ಅಂಟು, ಎಷ್ಟು ನೀರು, ಯಾಕೆ ಹಾಗೆ ಮಾಡಿದಿರಿ, ಎಲ್ಲ ಬರೆದಿಡಿ. ಅರ್ಜಿಯಲ್ಲಿ "ನನಗೆ ಪರಂಪರೆ ಎಂದರೆ ಪ್ರಾಣ" ಅಂತ ಬರೆಯುವ ಬದಲು, ವಾಪಸ್ ಬಂದು ಯಾವ ಸಂಗ್ರಹದ ಯಾವ ತೊಂದರೆ ಸರಿ ಮಾಡುತ್ತೀರಿ ಅಂತ ಬರೆಯಿರಿ. ರೋಮಿನ ಕೋರ್ಸ್ ಸಿಗದಿದ್ದರೆ ಕುಗ್ಗಬೇಡಿ. ಮೈಸೂರು, ಲಖನೌ, ದೆಹಲಿಯಲ್ಲಿ ಮೊದಲು ಕೈ ಪಳಗಲಿ. ಕಳಿಸುವ ಸಂಸ್ಥೆಯವರೂ ಒಂದು ಕಾಗದ ಬರೆದುಕೊಡಲಿ: ಇವರನ್ನು ಮೂರು ವರ್ಷ ಸಂರಕ್ಷಣೆಯ ಕೆಲಸದಿಂದ ಬೇರೆ ಕಡೆ ಹಾಕುವುದಿಲ್ಲ, ಇವರ ಕೈಕೆಳಗೆ ಇಬ್ಬರನ್ನು ಕೊಡುತ್ತೇವೆ ಅಂತ. ಹಾಗೆ ಬರೆದುಕೊಡದ ಸಂಸ್ಥೆಯಿಂದ ಯಾರನ್ನೂ ಕಳಿಸಬಾರದು ಅಂತ ಇಲಾಖೆಯೇ ನಿಯಮ ಮಾಡಲಿ ಅನ್ನುವುದು ನನ್ನ ಆಸೆ.

ನಾನು ಕನ್ನಡದಲ್ಲಿ ಒಂದು ಕಂಡೀಶನ್ ರಿಪೋರ್ಟ್ ಫಾರಂ, ಅಂದರೆ ವಸ್ತು ಈಗ ಯಾವ ಸ್ಥಿತಿಯಲ್ಲಿದೆ ಅಂತ ಬರೆದಿಡುವ ಫಾರಂ ಮಾಡಿಟ್ಟಿದ್ದೇನೆ. ಒಂದೇ ಪುಟ. ವಸ್ತುವಿನ ಹೆಸರು, ಅಳತೆ, ಎಲ್ಲಿ ಹರಿದಿದೆ, ಎಲ್ಲಿ ಹುಳು ತಿಂದಿದೆ, ಯಾರು ನೋಡಿದರು, ಯಾವ ತಾರೀಖು. ಊರಿನ ಗ್ರಂಥಾಲಯ, ಮಠ, ಶಾಲೆಯ ಸಂಗ್ರಹ ನೋಡಿಕೊಳ್ಳುವವರು ಯಾರೇ ಇದ್ದರೂ ಕೇಳಿ, ಕಳಿಸುತ್ತೇನೆ. ಶನಿವಾರ ಮಧ್ಯಾಹ್ನ ಚಾಮರಾಜಪೇಟೆಯಲ್ಲಿ ನಾನು ಕೆಲಸ ಮಾಡುವ ಜಾಗಕ್ಕೆ ಬಂದರೆ, ತುಂಬಿಸುವುದು ಹೇಗೆ ಅಂತ ಒಂದು ಹಳೇ ಪುಸ್ತಕ ಇಟ್ಟುಕೊಂಡೇ ತೋರಿಸುತ್ತೇನೆ. ಬರುವ ಮೊದಲು ಒಂದು ಮೆಸೇಜ್ ಹಾಕಿ.