ಮುಂದೆ ಇನ್ನೂ ಚೆನ್ನಾದದ್ದು ಸಿಗುತ್ತದೆ

ಭಾನುವಾರದ ತಿಂಡಿ ತಪ್ಪಿದ ಸಿಟ್ಟು ಬುಧವಾರವಾದರೂ ಇಳಿದಿಲ್ಲ. ಊಟ ತಪ್ಪಿದರೆ ಹೇಗೋ ತಡೆದುಕೊಳ್ಳಬಹುದು. ತಿಂಡಿ ಹಾಗಲ್ಲ. ಅದೂ ಬಿಡದಿ, ಮದ್ದೂರು ಇರುವ ದಾರಿಯಲ್ಲಿ, ಜೇಬಿನಲ್ಲಿ ದುಡ್ಡು ಇಟ್ಟುಕೊಂಡು, ಹೊಟ್ಟೆ ಖಾಲಿ ಇಟ್ಟುಕೊಂಡು ಮೈಸೂರಿನ ಕಡೆಗೆ ಹೋದವರು ಕರ್ನಾಟಕದ ಇತಿಹಾಸದಲ್ಲಿ ನಾವೇ ಮೊದಲಿಗರಿರಬೇಕು.

ಇದಕ್ಕೆ ಕಾರಣಕರ್ತರು ನನ್ನ ಷಡ್ಡಕರು. ಹೆಂಡತಿಯ ಅಕ್ಕನ ಗಂಡ, ವಯಸ್ಸಿನಲ್ಲಿ ಹಿರಿಯರು, ಮೇಲಾಗಿ ಕಾರು ಅವರದು. ಹಾಗಾಗಿ ನನ್ನ ಬಾಯಲ್ಲೂ ಅವರು ಭಾವನವರೇ. ಮನುಷ್ಯರು ಸಜ್ಜನರು. ಸಿಗರೇಟಿಲ್ಲ, ಸಾಲವಿಲ್ಲ, ಗಾಡಿ ಓಡಿಸುವಾಗ ಮೊಬೈಲ್ ಮುಟ್ಟುವುದಿಲ್ಲ. ಇರುವುದು ಒಂದೇ ಚಟ. ದಾರಿಯಲ್ಲಿ ಹೋಟೆಲ್ ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲನ್ನು ಅರೆಕ್ಷಣ ಎತ್ತುತ್ತಾರೆ. ಕತ್ತನ್ನು ಎಡಕ್ಕೆ ಚಾಚಿ ಬೋರ್ಡು ಓದುತ್ತಾರೆ. ಮುಂದೆ ನಿಂತಿರುವ ಕಾರುಗಳನ್ನು ಎಣಿಸುತ್ತಾರೆ. ಇಷ್ಟು ಹೊತ್ತಿಗೆ ಹಿಂದಿನ ಸೀಟಿನಲ್ಲಿದ್ದವರು ಚಪ್ಪಲಿಗೆ ಕಾಲು ತೂರಿಸಿಯಾಗಿರುತ್ತದೆ, ನನ್ನ ಹೆಂಡತಿ ಕೈಚೀಲ ಹೆಗಲಿಗೇರಿಸಿಯಾಗಿರುತ್ತದೆ. ಆಗ ಅವರು "ಮುಂದೆ ಇನ್ನೂ ಚೆನ್ನಾದದ್ದು ಸಿಗುತ್ತದೆ" ಎಂದು ಕಾಲನ್ನು ಮತ್ತೆ ಒತ್ತುತ್ತಾರೆ.

ನಿಲ್ಲಿಸುವುದೇ ಇಲ್ಲ ಎಂದು ಮೊದಲೇ ಹೇಳಿಬಿಟ್ಟರೆ ನಾವೂ ಕಣ್ಣು ಮುಚ್ಚಿ ಮಲಗುತ್ತೇವೆ. ಆ ಅರೆಕ್ಷಣ ಕಾಲು ಎತ್ತುತ್ತಾರಲ್ಲ, ಅದನ್ನು ಮಾತ್ರ ಕ್ಷಮಿಸಲಾಗದು.

ಹೊರಟದ್ದು ಮೇಲುಕೋಟೆಗೆ. ಚೋಳರ ಕಾಟ ತಪ್ಪಿಸಿಕೊಂಡು ರಾಮಾನುಜಾಚಾರ್ಯರು ಬಂದು ನೆಲೆಸಿದ ಊರೆಂದು ಪ್ರತೀತಿ. ನಾವು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಕಾಟ ತಪ್ಪಿಸಿಕೊಂಡು ಒಂದು ದಿನದ ಮಟ್ಟಿಗೆ ಹೊರಟಿದ್ದೆವು. ಆರಕ್ಕೆ ಹೊರಡುವುದೆಂದು ರಾತ್ರಿ ಪ್ರತಿಜ್ಞೆಯಾಗಿತ್ತು, ಎಂಟಕ್ಕೆ ಹೊರಟೆವು, ಅದರಲ್ಲಿ ವಿಶೇಷವೇನಿಲ್ಲ. ಮನೆಯಲ್ಲಿ ಯಾರೂ ಏನೂ ತಿಂದಿರಲಿಲ್ಲ. ದಾರಿಯಲ್ಲಿ ತಿನ್ನುವ ತಿಂಡಿಗಾಗಿಯೇ ಅರ್ಧ ಪ್ರವಾಸ ಹೋಗುವ ಜನ ನಾವು.

ಕೆಂಗೇರಿಯಲ್ಲಿ ಕಾಲು ಎತ್ತಿದರು. "ಬೆಂಗಳೂರಿನ ಒಳಗೇ ತಿಂದರೆ ಅದನ್ನು ಪ್ರವಾಸ ಎನ್ನುತ್ತಾರೆಯೇ?" ಎಂದರು. ನ್ಯಾಯವಾದ ಮಾತು, ಎಲ್ಲರೂ ಒಪ್ಪಿದೆವು. ಆ ಒಪ್ಪಿಗೆಯನ್ನು ಅವರು ಇಡೀ ದಾರಿಗೆ ಅನ್ವಯಿಸಿಕೊಂಡರು.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಲ್ಲಿ ಹೋದವರಿಗೆ ನಮ್ಮ ಸಂಕಟ ವಿವರಿಸಬೇಕಾಗಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಸುಮಾರು 119 ಕಿಲೋಮೀಟರಿನ ಈ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಯಾವುದರ ಹೊಟ್ಟೆಯೊಳಗೂ ಹೋಗುವುದಿಲ್ಲ. ಎಲ್ಲದರ ಪಕ್ಕೆಯಲ್ಲಿ ಅಥವಾ ನೆತ್ತಿಯ ಮೇಲೆ ಹಾದುಹೋಗುತ್ತದೆ. ನಡುವಿನ ಆರು ಪಥ ವೇಗದವರಿಗೆ, ಎರಡು ಬದಿಯ ಸರ್ವೀಸ್ ರಸ್ತೆ ಊರಿನವರಿಗೆ. ಅದೇ ವರ್ಷ ಆಗಸ್ಟಿನಿಂದ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರಾಕ್ಟರುಗಳಿಗೆ ಪ್ರವೇಶವಿಲ್ಲ. ಇಡ್ಲಿಗೂ ಇಲ್ಲವೆಂದು ಬೇರೆ ಬೋರ್ಡು ಹಾಕಬೇಕಾಗಿಲ್ಲ. ಹೋಟೆಲುಗಳು ಬೇಲಿಯ ಆಚೆ ಸರ್ವೀಸ್ ರಸ್ತೆಯಲ್ಲಿವೆ. ಬೋರ್ಡು ಕಾಣುತ್ತದೆ, ಹೊಗೆ ಕಾಣುತ್ತದೆ, ಕೈ ತೊಳೆದು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತಿರುವ ಪುಣ್ಯವಂತರು ಕಾಣುತ್ತಾರೆ. ಆದರೆ ಇಳಿಯುವ ದಾರಿ ಮೊದಲೇ ಬಂದು ಹೋಗಿರುತ್ತದೆ. ಹಿಂದಕ್ಕೆ ತಿರುಗುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ, ನೂರರ ಮೇಲೆ ಓಡಿಸಿದರೆ ಕ್ಯಾಮೆರಾ. ಇಂಥ ರಸ್ತೆಯಲ್ಲಿ 'ಮುಂದೆ' ಎನ್ನುವ ಚಾಲಕನ ಜೊತೆ ಕೂರುವುದೆಂದರೆ ಏನು!

ಕಣಿಮಿಣಿಕೆ ಟೋಲಿನಲ್ಲಿ ಫಾಸ್ಟ್ಯಾಗ್ ಕುಯ್ ಎಂದಿತು. ಬಿಡದಿಗೆ ಇಳಿಯುವ ಫಲಕ ಕಂಡಿತು. ತಟ್ಟೆಯಗಲದ ಇಡ್ಲಿ, ಅದರ ಮೇಲೆ ಅಂಚಿಗೆ ಜಾರುತ್ತಿರುವ ಬೆಣ್ಣೆಯ ಉಂಡೆ, ಕೆಂಪು ಚಟ್ನಿ, ನನಗೆ ಎಲ್ಲವೂ ಗಾಜಿನಲ್ಲಿ ಕಂಡವು. ಭಾವನವರು ಕಾಲು ಎತ್ತಿದರು. "ಭಾನುವಾರ, ಇಲ್ಲಿ ನೂಕುನುಗ್ಗಲು. ರಾಮನಗರದಲ್ಲಿ ಆರಾಮವಾಗಿ ಕೂತು ತಿನ್ನೋಣ" ಎಂದರು. ಕಾಲು ಒತ್ತಿದರು. ರಾಮನಗರದ ಬಂಡೆಗಳು ಬಂದವು, ಹೋದವು. ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾಗಿದೆ. ನಗರ ಬಿಟ್ಟು ಅಷ್ಟು ದೂರ ಓಡಿಬಂದರೂ ಲೆಕ್ಕದಲ್ಲಿ ನಾವು ಇನ್ನೂ ಬೆಂಗಳೂರಿನಲ್ಲೇ ಇದ್ದೆವು. "ನೋಡಿ, ಇನ್ನೂ ಬೆಂಗಳೂರೇ ದಾಟಿಲ್ಲ, ಆಗಲೇ ಹಸಿವು ಎನ್ನುತ್ತೀರಿ" ಎಂದು ಭಾವನವರು ಅದನ್ನೂ ತಮ್ಮ ಪರವಾಗಿ ಬಳಸಿಕೊಂಡರು.

ಕಾರಿನಲ್ಲಿ ಆಹಾರವೆಂದು ಇದ್ದದ್ದು ಒಂದೇ, ಅತ್ತೆಯ ತೊಡೆಯ ಮೇಲಿದ್ದ ಬುಟ್ಟಿಯಲ್ಲಿನ ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು. ಅದು ಬೆಟ್ಟದ ಮೇಲಿನ ಯೋಗಾನರಸಿಂಹನಿಗೆ ಹೊರಟದ್ದು. ಚನ್ನಪಟ್ಟಣದ ಹತ್ತಿರ ಮಗ ಬುಟ್ಟಿಗೆ ಕೈ ಹಾಕಿದ. ಅತ್ತೆ ಕೈಯ ಮೇಲೆ ಹಗುರವಾಗಿ ತಟ್ಟಿ, "ದೇವರದು" ಎಂದರು. ಮದ್ದೂರಿನ ಮೇಲುಸೇತುವೆ ಏರುವಾಗ ನಾನು, ಹಣ್ಣು ಬಿಸಿಲಿಗೆ ಕಪ್ಪಾಗುತ್ತಿದೆ, ಕಪ್ಪಾದದ್ದನ್ನು ದೇವರಿಗೆ ಕೊಡಬಾರದಂತೆ ಎಂದು ಶಾಸ್ತ್ರದ ಧಾಟಿಯಲ್ಲಿ ಹೇಳಿ ನೋಡಿದೆ. ಅತ್ತೆ ಬುಟ್ಟಿಗೆ ಸೆರಗು ಹೊದಿಸಿದರು. ಕೆಳಗೆ ಮದ್ದೂರು ಹಾದುಹೋಯಿತು. ಈರುಳ್ಳಿ ಹಾಕಿ ತಟ್ಟಿ ಕರಿದ ರವೆಯ ವಡೆ ಕಾಲ ಕೆಳಗೇ ಎಲ್ಲೋ ಬೇಯುತ್ತಿತ್ತು. ನಾವು ಅದರ ತಲೆಯ ಮೇಲೆ ಗಂಟೆಗೆ ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಹೋದೆವು. "ಮಂಡ್ಯ ದೊಡ್ಡ ಊರು" ಎಂದರು ಭಾವನವರು.

ಮಂಡ್ಯದಲ್ಲೇ ಇಳಿದಿದ್ದರೆ ಮೇಲುಕೋಟೆಗೆ ಅಲ್ಲಿಂದಲೂ ದಾರಿಯಿತ್ತು. "ಶ್ರೀರಂಗಪಟ್ಟಣದ ಕಡೆಯಿಂದ ರಸ್ತೆ ಇನ್ನೂ ಚೆನ್ನಾಗಿದೆ" ಎಂದು ಅದನ್ನೂ ಬಿಟ್ಟರು. ಗಣಂಗೂರು ಟೋಲಿನಲ್ಲಿ ಇನ್ನೊಮ್ಮೆ ಕುಯ್ ಎಂದಿತು. ಹಸಿದುಕೊಂಡು ಹೋಗುವುದಕ್ಕೂ ಶುಲ್ಕ.

ಹಳೆಯ ರಸ್ತೆಯಲ್ಲಿ ಭಾವನವರ ಚಟ ನಡೆಯುತ್ತಿತ್ತು, ಏಕೆಂದರೆ ಮುಂದೆ ನಿಜವಾಗಿಯೂ ಏನಾದರೂ ಇರುತ್ತಿತ್ತು. ಬಿಡದಿ ಬಿಟ್ಟರೆ ರಾಮನಗರ, ಅದನ್ನು ಬಿಟ್ಟರೆ ಚನ್ನಪಟ್ಟಣ. ಊರು ನಮ್ಮನ್ನು ತಡೆದು ನಿಲ್ಲಿಸಿ, ಎತ್ತಿನ ಗಾಡಿ ಅಡ್ಡ ಬಿಟ್ಟು, ವಡೆ ತಿನ್ನಿಸಿಯೇ ಮುಂದಕ್ಕೆ ಕಳುಹಿಸುತ್ತಿತ್ತು. ಚಿಕ್ಕಂದಿನಲ್ಲಿ ಕೆಂಪು ಬಸ್ಸಿನಲ್ಲಿ ಮೈಸೂರಿಗೆ ಹೋಗುವಾಗ ಮದ್ದೂರಿನಲ್ಲಿ ಬುಟ್ಟಿ ಹೊತ್ತ ಹುಡುಗರು ಕಿಟಕಿಯ ಮಟ್ಟಕ್ಕೆ ಕೈ ಎತ್ತಿ ವಡೆ ಕೊಡುತ್ತಿದ್ದರು. ಚಿಲ್ಲರೆ ಕೊಡುವ ಮೊದಲೇ ಬಸ್ ಹೊರಟರೆ ಓಡಿಬಂದು ಕೊಡುತ್ತಿದ್ದರು. ವಡೆ ತಿಂದ ಮೇಲೆ ಎಣ್ಣೆ ಹೀರಿದ ಸುದ್ದಿ ಕಾಗದವನ್ನು ಬೆಳಕಿಗೆ ಹಿಡಿದರೆ ಎರಡೂ ಪುಟದ ಅಕ್ಷರ ಒಟ್ಟಿಗೆ ಕಾಣುತ್ತಿದ್ದವು. ಚನ್ನಪಟ್ಟಣದ ಅಂಗಡಿಗಳ ಮುಂದೆ ಅರಗಿನ ಬಣ್ಣದ ಮರದ ಕುದುರೆ, ಬುಗುರಿ, ತಿರುಗಿಸಿದರೆ ಟಕಟಕ ಎನ್ನುವ ಆಟಿಕೆಗಳು ಸಾಲಾಗಿ ತೂಗುತ್ತಿದ್ದವು. ಅಪ್ಪ ಪ್ರತಿ ಸಲವೂ "ಬರುವಾಗ ಕೊಳ್ಳೋಣ" ಎನ್ನುತ್ತಿದ್ದರು. ಬರುವಾಗ ರಾತ್ರಿಯಾಗಿ, ಅಂಗಡಿಗಳು ಮುಚ್ಚಿ, ನಾನು ಅವರ ಭುಜಕ್ಕೆ ಒರಗಿ ನಿದ್ದೆ ಹೋಗಿರುತ್ತಿದ್ದೆ. ಅದು ಅಪ್ಪನಿಗೆ ಗೊತ್ತಿತ್ತು ಎಂದು ನನಗೆ ಗೊತ್ತಾದದ್ದು ನನಗೊಬ್ಬ ಮಗ ಹುಟ್ಟಿದ ಮೇಲೆ. ಈಗ ಅವನು ಆ ಅಂಗಡಿಗಳನ್ನು ನೋಡಿ ಹಟ ಮಾಡುವ ಪ್ರಶ್ನೆಯೇ ಇಲ್ಲ. ಚನ್ನಪಟ್ಟಣ ಅವನ ಪಾಲಿಗೆ ಒಂದು ಹಸಿರು ಫಲಕ.

ಇರಲಿ. ಹೆದ್ದಾರಿ ಬಿಟ್ಟು ಪಾಂಡವಪುರ ತಲುಪಿದಾಗ ಹನ್ನೊಂದು ದಾಟಿತ್ತು. ಕರ್ನಾಟಕದಲ್ಲಿ ಹನ್ನೊಂದೂಕಾಲು ಎಂಬುದು ರಾಹುಕಾಲಕ್ಕಿಂತ ಕೆಟ್ಟ ಹೊತ್ತು. ನಾವು ಹೊಕ್ಕ ಹೋಟೆಲಿನಲ್ಲಿ ಹುಡುಗ ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿ ನೆಲ ಒರೆಸುತ್ತಿದ್ದ. "ತಿಂಡಿ ಮುಗಿಯಿತು, ಊಟ ಹನ್ನೆರಡೂವರೆಗೆ" ಎಂದ. ಒಂದಾದರೂ ದೋಸೆ? ಕಾವಲಿ ಆರಿದೆ. ಉಪ್ಪಿಟ್ಟು ತಳದಲ್ಲಿ ಸ್ವಲ್ಪ? ಪಾತ್ರೆ ನೆನೆಹಾಕಿದೆ. ಆರು ಜನ ನಿಂತಲ್ಲೇ ನಿಂತು ಕಾಫಿ ಕುಡಿದೆವು. ವನವಾಸದಲ್ಲಿದ್ದ ಪಾಂಡವರು ತಾಯಿಯ ಜೊತೆ ಪಕ್ಕದ ಕುಂತಿಬೆಟ್ಟದಲ್ಲಿ ತಂಗಿದ್ದರಂತೆ. ಅವರಾದರೆ ಅಕ್ಷಯಪಾತ್ರೆ ಪಡೆದವರು. ನಮ್ಮ ಕೈಯಲ್ಲಿದ್ದದ್ದು ಆ ಬುಟ್ಟಿ, ಅದರ ಮೇಲೆ ಅತ್ತೆಯ ಸೆರಗು.

ಅಲ್ಲಿಂದ ಮುಂದಿನ ದಾರಿ ಮಾತ್ರ ನಿಜಕ್ಕೂ ಸೊಗಸು, ಸಿಟ್ಟಿನಲ್ಲೂ ಒಪ್ಪಿಕೊಳ್ಳುತ್ತೇನೆ. ಎರಡೂ ಕಡೆ ಕಬ್ಬು, ನಾಲೆಯ ನೀರು ಕುಡಿದ ಗದ್ದೆ, ತೆಂಗಿನ ಸಾಲಿನ ಹಿಂದೆ ಬೋಳು ಬಂಡೆಯ ಗುಡ್ಡಗಳು. ಎಲ್ಲರೂ ಆಹಾ ಎನ್ನುತ್ತಿದ್ದರು. ನಾನು ಕಬ್ಬನ್ನು ಬೇರೆ ದೃಷ್ಟಿಯಿಂದ ನೋಡುತ್ತಿದ್ದೆ.

ಮೇಲುಕೋಟೆಯಲ್ಲಿ ಮೊದಲು ದೇವರು, ಆಮೇಲೆ ಹೊಟ್ಟೆ ಎಂದು ಅತ್ತೆ ಆಜ್ಞೆ ಮಾಡಿದರು. ನರಸಿಂಹನ ಬೆಟ್ಟದ ಮೆಟ್ಟಿಲು ಹತ್ತತೊಡಗಿದೆವು. ಅರ್ಧ ಹತ್ತಿದ ಮೇಲೆ ಸುಧಾರಿಸಿಕೊಳ್ಳಲೆಂದು ಅತ್ತೆ ಬುಟ್ಟಿಯನ್ನು ಪಕ್ಕದ ಕಟ್ಟೆಯ ಮೇಲಿಟ್ಟು, ಬೆವರು ಒರೆಸಿಕೊಳ್ಳಲು ಸೆರಗು ತೆಗೆದರು. ಕಟ್ಟೆಯ ಆಚೆಯಿಂದ ಒಂದು ಕೋತಿ ಬಂದಿತು. ಗದ್ದಲವಿಲ್ಲ, ಹಲ್ಲು ಕಿರಿಯಲಿಲ್ಲ. ಚಿಪ್ಪನ್ನು ತೊಟ್ಟು ಹಿಡಿದು ಎತ್ತಿಕೊಂಡು, ನಾಲ್ಕು ಮೆಟ್ಟಿಲು ಮೇಲೆ ಹೋಗಿ, ನಮಗೆ ಎದುರಾಗಿ ಕುಳಿತು, ಮೊದಲ ಹಣ್ಣಿನ ಸಿಪ್ಪೆಯನ್ನು ಬಹಳ ಅಚ್ಚುಕಟ್ಟಾಗಿ ಸುಲಿಯಿತು. ಮುಂದೆ ಇನ್ನೂ ಚೆನ್ನಾದ ಹಣ್ಣು ಸಿಗಬಹುದೆಂದು ಅದು ಕಾಯಲಿಲ್ಲ. ಕೆಂಗೇರಿಯಿಂದ ಕಾಪಾಡಿಕೊಂಡು ಬಂದ ಆ ಹಣ್ಣುಗಳನ್ನು ಕೋತಿ ಒಂದೊಂದಾಗಿ ತಿಂದು ಮುಗಿಸುವವರೆಗೂ ನಮ್ಮಲ್ಲಿ ಯಾರೂ ಕದಲಲಿಲ್ಲ. ಮಗ ಮಾತ್ರ, "ಅಜ್ಜಿ, ಅದು ದೇವರದು ಎಂದು ಅದಕ್ಕೂ ಹೇಳಿ" ಎಂದ. "ಎಲ್ಲಾ ಅವನದೇ" ಎಂದು ಅತ್ತೆ ಕೈ ಮುಗಿದರು. ಹನುಮಂತನ ರೂಪದಲ್ಲಿ ನೈವೇದ್ಯ ಸಂದಾಯವಾಯಿತೆಂದು ಅವರಿಗೆ ಸಂತೋಷವೇ ಆಯಿತು. ಈ ಉದಾರ ವೇದಾಂತ ಮದ್ದೂರಿನ ಸೇತುವೆಯ ಮೇಲೆ ಎಲ್ಲಿ ಹೋಗಿತ್ತೋ.

ದರ್ಶನ ಮುಗಿಸಿ ಕಲ್ಯಾಣಿಯ ಬಳಿ ಇಳಿದು ಬಂದಾಗ ಪುಳಿಯೋಗರೆಯ ವಾಸನೆ. ಮುತ್ತುಗದ ದೊನ್ನೆ, ಹುಣಿಸೆ ಗೊಜ್ಜು, ಕಡಲೆಬೇಳೆ, ಮೇಲೆ ಒಣಮೆಣಸಿನ ಚೂರು. ಮೊದಲ ಅಂಗಡಿಯ ಮುಂದೆ ಭಾವನವರ ನಡಿಗೆ ಅರೆಕ್ಷಣ ನಿಧಾನವಾಯಿತು. ಕತ್ತು ಚಾಚಿದರು. ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಅಂಗಡಿಯ ಹಲಗೆಯ ಮೇಲೆ ಕುಳಿತು, "ಆರು ಪುಳಿಯೋಗರೆ, ಆರು ಸಕ್ಕರೆ ಪೊಂಗಲ್" ಎಂದಾಗಿತ್ತು. ದಾಂಪತ್ಯದಲ್ಲಿ ಹೆಮ್ಮೆಯಿಂದ ಎದೆಯುಬ್ಬುವ ಗಳಿಗೆಗಳು ಕಡಿಮೆ, ಇದೊಂದು. ಭಾವನವರು ಎರಡು ದೊನ್ನೆ ಪುಳಿಯೋಗರೆ ಬಾರಿಸಿ, ಬೆರಳು ನೆಕ್ಕುತ್ತಾ, ಆಚೆಗಿನ ಅಂಗಡಿಯ ಕಡೆಗೆ ಒಮ್ಮೆ ನೋಡಿದರು. ಏನೂ ಹೇಳಲಿಲ್ಲ, ನಿಟ್ಟುಸಿರು ಮಾತ್ರ ಬಿಟ್ಟರು.

ಹಿಂತಿರುಗುವಾಗ ಹೆದ್ದಾರಿಯಲ್ಲಿ ಉಳಿಸಿದ ಸಮಯವನ್ನೆಲ್ಲ ಕೆಂಗೇರಿಯ ವಾಹನ ಸಾಲಿನಲ್ಲಿ ಬಡ್ಡಿ ಸಮೇತ ತೀರಿಸಿದೆವು. ಭಾನುವಾರ ಸಂಜೆ ಊರು ಸೇರುವ ಎಲ್ಲರ ಪಾಡೂ ಅದೇ, ಹೇಳಿ ಪ್ರಯೋಜನವಿಲ್ಲ.

ನಿನ್ನೆ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಭಾವನವರ ಸಂದೇಶ ಬಂದಿದೆ. ಗಾಂಧಿ ಜಯಂತಿ ಈ ಸಲ ವಾರಾಂತ್ಯಕ್ಕೆ ಅಂಟಿಕೊಂಡು ಬರುತ್ತದಂತೆ, ಎಲ್ಲರೂ ಚಿಕ್ಕಮಗಳೂರಿಗೆ ಹೋಗೋಣವಂತೆ, ಕೊಠಡಿಯನ್ನು ಈಗಲೇ ಕಾಯ್ದಿರಿಸುವ ಅಗತ್ಯವಿಲ್ಲವಂತೆ, ಬೆಟ್ಟದ ದಾರಿಯಲ್ಲಿ ಒಂದಕ್ಕಿಂತ ಒಂದು ಚೆನ್ನಾದ ತೋಟದ ಮನೆಗಳಿವೆಯಂತೆ. ಅಕ್ಟೋಬರ್ 2ರಂದು ನನಗೆ ಕಚೇರಿಯಲ್ಲಿ ತುರ್ತು ಕೆಲಸವಿದೆ ಎಂದು ಬರೆದೆ. ಅಂದು ಸರ್ಕಾರಿ ರಜೆ ಎಂದು ಒಂದೇ ನಿಮಿಷದಲ್ಲಿ ಅತ್ತೆ ಅದರ ಕೆಳಗೆ ಬರೆದಿದ್ದಾರೆ.