ಸೀಟು ಖಾಲಿ ಎಂಬುದು ಅರ್ಧ ಮಾತು

ಮಕ್ಕಳೇ ಸೇರದ ಮೇಲೆ ಕಾಸರಗೋಡಿನಂಥ ಕಡೆ ಕನ್ನಡ ಬಿಎ ಮುಚ್ಚದೆ ಏನು ಮಾಡುವುದು ಎಂದು ಒಂದು ಲೇಖನ ಕೇಳುತ್ತದೆ. ಕೋರ್ಸು ಒಂದೇ ದಿನ ಬಾಗಿಲು ಹಾಕುವುದಿಲ್ಲ ಸ್ವಾಮಿ, ಮೊದಲು ಕರಗುವುದು ಅಧ್ಯಾಪಕರ ಹುದ್ದೆ. ಒಂದು ಹುದ್ದೆಗೆ ವಾರಕ್ಕೆ 16 ಗಂಟೆ ಪಾಠ ಬೇಕು ಎಂದು ಕೇರಳದಲ್ಲಿ 2020ರ ಸರಕಾರಿ ಆದೇಶ ಹೇಳಿತು. ಎಂಎಯ ಒಂದು ಗಂಟೆಯನ್ನು ಒಂದೂವರೆ ಎಂದು ಎಣಿಸುವ ಪದ್ಧತಿಯನ್ನೂ ಅದೇ ಆದೇಶ ತೆಗೆದುಹಾಕಿತು. ಆ ಆದೇಶದಂತೆ ಲೆಕ್ಕ ಹಾಕಿ ನೋಡಿ: ಮೂರು ಬ್ಯಾಚಿಗೆ 48 ಗಂಟೆ ಇದ್ದರೆ ಮೂರು ಹುದ್ದೆ, ಒಂದು ವರ್ಷ ಪ್ರವೇಶ ನಿಲ್ಲಿಸಿದರೆ 32, ಅಂದರೆ ಎರಡೇ. ನಿವೃತ್ತರಾದವರ ಜಾಗಕ್ಕೆ ಅತಿಥಿ ಅಧ್ಯಾಪಕರು ಬರುತ್ತಾರೆ, ಅದೂ ತಡವಾಗಿ. ಖಾಯಂ ಅಧ್ಯಾಪಕರಿಲ್ಲದ ವಿಭಾಗಕ್ಕೆ ಮಕ್ಕಳನ್ನು ಯಾರು ಕಳಿಸುತ್ತಾರೆ? ಮರುವರ್ಷ ಸೀಟು ಖಾಲಿ.

ಹಾಗಾಗಿ ಕೋರ್ಸಿನ ಬಗ್ಗೆ ತೀರ್ಮಾನಿಸುವ ಸಭೆಯ ನಡಾವಳಿಯ ಪದಗಳನ್ನು ಗಮನಿಸಿ. ‘ಈ ವರ್ಷ ಪ್ರವೇಶವಿಲ್ಲ’ ಎಂಬುದು ‘ಕೋರ್ಸು ರದ್ದು’ ಎಂಬುದಕ್ಕಿಂತ ಸಾಧು ಕಾಣುತ್ತದೆ, ಕೆಲಸ ಅದೇ. ಒಳಗಿರುವ ಮಕ್ಕಳಿಗೆ ಕೊನೆಯ ಸೆಮಿಸ್ಟರಿನವರೆಗೆ ಪಾಠ, ಉಳಿದ ಪೇಪರುಗಳಿಗೆ ಹಳೆ ಸಿಲೆಬಸ್‌ನಲ್ಲೇ ಮರುಪರೀಕ್ಷೆ ಎಷ್ಟು ಸಲ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತು ಸಾಲದು.